ಯಾರ ಮನೆಮಾತೂ ಅಲ್ಲದ ಪದಗಳು

1611ರ ಏಪ್ರಿಲ್ 14ರಂದು ರೋಮಿನಲ್ಲಿ ಗೆಲಿಲಿಯೋನ ಗೌರವಕ್ಕೆ ಒಂದು ಔತಣ ನಡೆಯಿತು. ಲಿಂಚೇಯಿ ಅಕಾಡೆಮಿ ಎಂಬ ವಿದ್ವಾಂಸರ ಕೂಟ ಅದನ್ನು ಏರ್ಪಡಿಸಿತ್ತು. ದೂರದ್ದನ್ನು ಹತ್ತಿರ ಮಾಡಿ ತೋರಿಸುವ ಹೊಸ ಕೊಳವೆಗೆ ಅಲ್ಲಿ ಹೆಸರೊಂದು ದೊರೆಯಿತು. ಜೊವಾನಿ ದೆಮಿಸಿಯಾನಿ ಎಂಬ ಗ್ರೀಕ್ ವಿದ್ವಾಂಸ ದೂರ ಎಂಬರ್ಥದ 'ಟೆಲೆ'ಯನ್ನೂ ನೋಡುವುದು ಎಂಬರ್ಥದ 'ಸ್ಕೋಪೆಯಿನ್' ಅನ್ನೂ ಕೂಡಿಸಿ 'ಟೆಲಿಸ್ಕೋಪ್' ಎಂಬ ಹೆಸರನ್ನು ಕೊಟ್ಟ. ಅಲ್ಲಿಯವರೆಗೆ ಆ ಉಪಕರಣಕ್ಕೆ ಹೆಸರೇ ಇರಲಿಲ್ಲ ಎಂದೇನಲ್ಲ. ಹಿಂದಿನ ವರ್ಷವಷ್ಟೇ ಹೊರಬಂದ ತನ್ನ ಲ್ಯಾಟಿನ್ ಪುಸ್ತಕದಲ್ಲಿ ಗೆಲಿಲಿಯೋ ಅದನ್ನು 'ಪರ್ಸ್ಪಿಸಿಲ್ಲಮ್' ಎಂದು ಕರೆದಿದ್ದ. ಮನೆಮಾತಾದ ಇಟಾಲಿಯನ್ನಿನಲ್ಲಿ ಬರೆಯುವಾಗ 'ಒಕ್ಕಿಯಾಲೆ' ಎನ್ನುತ್ತಿದ್ದ. ಎರಡೂ ಒಳ್ಳೆಯ ಪದಗಳೇ, ಆದರೆ ಎರಡಕ್ಕೂ ಕನ್ನಡಕದ ನಂಟಿತ್ತು. ಮೂಗಿನ ಮೇಲೆ ಕೂರುವ ಗಾಜಿಗೂ ಗುರುಗ್ರಹದ ಉಪಗ್ರಹಗಳನ್ನು ಮೊದಲ ಬಾರಿಗೆ ತೋರಿಸಿದ ಕೊಳವೆಗೂ ಒಂದೇ ಹೆಸರು ಸಲ್ಲುತ್ತಿತ್ತು. ಟೆಲಿಸ್ಕೋಪಿಗೆ ಈ ತೊಡಕಿರಲಿಲ್ಲ. ದೂರ ಕಾಣಬಲ್ಲ ಎಂಬ ವಿಶೇಷಣವಾಗಿ ಹಳೆಯ ಗ್ರೀಕ್ ಸಾಹಿತ್ಯದಲ್ಲಿ ಅಂಥದೊಂದು ರೂಪ ಅಪರೂಪಕ್ಕೆ ಸಿಗುತ್ತದೆ, ನಿಜ. ಆದರೆ ರೋಮಿನ ಬೀದಿಯಲ್ಲಿ ಆ ಪದ ಯಾವ ವಸ್ತುವನ್ನೂ ನೆನಪಿಗೆ ತರುತ್ತಿರಲಿಲ್ಲ. ಕೊಟ್ಟ ಅರ್ಥವನ್ನಷ್ಟೇ ಹೊತ್ತುಕೊಂಡು ಅದು ಯುರೋಪಿನ ಎಲ್ಲ ಭಾಷೆಗಳಿಗೂ ಹೊರಟಿತು.

ಯುರೋಪಿನ ವಿಜ್ಞಾನ ಇಷ್ಟೊಂದು ಗ್ರೀಕ್ ಮಾತಾಡುವುದೇಕೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ವಿಜ್ಞಾನ ಹುಟ್ಟಿದ್ದೇ ಗ್ರೀಕರಲ್ಲಿ, ಆದ್ದರಿಂದ ಪದಗಳೂ ಅವರಿಂದ ಬಂದ ಪಿತ್ರಾರ್ಜಿತ ಎಂಬುದು ಮೊದಲನೆಯದು. ಗ್ರೀಕ್ ಬಹಳ ನಿಖರವಾದ ಭಾಷೆ, ಸೂಕ್ಷ್ಮ ವಿಚಾರಗಳು ಅದರಲ್ಲೇ ಸರಿಯಾಗಿ ಕೂರುತ್ತವೆ ಎಂಬುದು ಎರಡನೆಯದು. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಮುಖ್ಯ ಕಾರಣ ಎರಡರಲ್ಲೂ ಇಲ್ಲವೆಂಬುದು ನನ್ನ ವಾದ. ಗ್ರೀಕ್ ಬಳಕೆಗೆ ಬಂದದ್ದು ಅದನ್ನು ಬಳಸಿದ ವಿಜ್ಞಾನಿಗಳಲ್ಲಿ ಹೆಚ್ಚುಕಮ್ಮಿ ಯಾರಿಗೂ ಅದು ಮನೆಮಾತಾಗಿರಲಿಲ್ಲ ಎಂಬ ಕಾರಣಕ್ಕೆ. ಅಡುಗೆಮನೆಯಲ್ಲಿ, ಸಂತೆಯಲ್ಲಿ, ಕೋರ್ಟಿನಲ್ಲಿ ಅದರ ಪದಗಳಿಗೆ ಬೇರೆ ಕೆಲಸವಿರಲಿಲ್ಲ. ಹಾಗಾಗಿ ಅವುಗಳಿಗೆ ಯಾವ ವ್ಯಾಖ್ಯೆ ಕೊಟ್ಟರೂ ಅದು ಹಾಗೇ ನಿಲ್ಲುತ್ತಿತ್ತು. ಫ್ರೆಂಚರು, ಇಂಗ್ಲಿಷರು, ಜರ್ಮನ್ನರು ಪರಸ್ಪರರ ಭಾಷೆಗೆ ತಲೆಬಾಗದೆ ಒಪ್ಪಿಕೊಳ್ಳಬಹುದಾದ ಪದಗಳೂ ಅವೇ ಆಗಿದ್ದವು.

ಪಿತ್ರಾರ್ಜಿತದ ಮಾತನ್ನು ಮೊದಲು ನೋಡೋಣ. ಆಸ್ತಿ ತಂದೆಯಿಂದ ಮಗನಿಗೆ ನೇರವಾಗಿ ಬಂದದ್ದಲ್ಲ. ರೋಮನ್ನರು ಗ್ರೀಕ್ ಜ್ಞಾನವನ್ನು ಪಡೆದಾಗ ಎಷ್ಟೋ ಪದಗಳನ್ನು ಲ್ಯಾಟಿನ್ನಿಗೆ ತಿರುಗಿಸಿಕೊಂಡರು. ಇವತ್ತು ಕ್ವಾಲಿಟಿ, ಮಾರಲ್ ಎನ್ನುವ ಇಂಗ್ಲಿಷ್ ಪದಗಳ ಮೂಲ ಸಿಸೆರೋ ಗ್ರೀಕಿಗೆ ಬದಲಾಗಿ ಟಂಕಿಸಿದ ಲ್ಯಾಟಿನ್ ಪದಗಳಲ್ಲಿದೆ. ಆಮೇಲೆ ಪಶ್ಚಿಮ ಯುರೋಪಿನಲ್ಲಿ ಶತಮಾನಗಳ ಕಾಲ ಗ್ರೀಕ್ ಓದಬಲ್ಲವರೇ ವಿರಳವಾದರು. ಗ್ಯಾಲೆನ್ನನ ವೈದ್ಯಗ್ರಂಥಗಳನ್ನು ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಮತ್ತವನ ಸಂಗಡಿಗರು ಸಿರಿಯಕ್ ಮತ್ತು ಅರಬ್ಬಿಗೆ ತಂದರು. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ತೊಲೆದೊ ನಗರದಲ್ಲಿ ಕ್ರೆಮೋನಾದ ಜೆರಾರ್ಡನಂಥವರು ಅರಬ್ಬಿಯಿಂದ ಲ್ಯಾಟಿನ್ನಿಗೆ ಅನುವಾದಿಸಿದರು. ಆಲ್ಜೀಬ್ರ, ಆಲ್ಕಲಿ, ಜೆನಿತ್, ನಾದಿರ್ ಎಂಬ ಅರಬ್ಬಿ ಮೂಲದ ಪದಗಳು ಯುರೋಪಿನಲ್ಲಿ ಬೇರುಬಿಟ್ಟದ್ದು ಹೀಗೆ. ವೆನಿಸ್ಸಿನ ಆಲ್ಡಸ್ ಮನೂಟಿಯಸ್ 1495ರಿಂದ 1498ರವರೆಗೆ ಅರಿಸ್ಟಾಟಲನನ್ನು ಗ್ರೀಕಿನಲ್ಲೇ ಅಚ್ಚು ಹಾಕಿದ ಮೇಲೆ ಮೂಲಗ್ರಂಥಗಳು ವಿದ್ವಾಂಸರ ಕೈಗೆ ಸುಲಭವಾಗಿ ಸಿಗತೊಡಗಿದವು. ಪಿತ್ರಾರ್ಜಿತವೇ ಕಾರಣವಾಗಿದ್ದರೆ ಗ್ರೀಕ್ ಪದಗಳ ದೊಡ್ಡ ಸುಗ್ಗಿ ಆಗಲೇ ಆಗಿ, ಹೊಸ ವಿಜ್ಞಾನ ಬೆಳೆದಂತೆ ಇಳಿಯಬೇಕಿತ್ತು. ನಡೆದದ್ದು ತಿರುವುಮುರುವು. ಅರಿಸ್ಟಾಟಲನ ಭೌತಶಾಸ್ತ್ರವನ್ನು ಕೈಬಿಟ್ಟ ಶತಮಾನಗಳಲ್ಲೇ ಗ್ರೀಕ್ ಟಂಕಸಾಲೆ ಬಿಡುವಿಲ್ಲದೆ ನಡೆಯಿತು. 1595ರಲ್ಲಿ ಟ್ರಿಗನೊಮೆಟ್ರಿ, 1625ರಲ್ಲಿ ಮೈಕ್ರೋಸ್ಕೋಪ್, 1839ರಲ್ಲಿ ಫೋಟೋಗ್ರಫಿ, 1842ರಲ್ಲಿ ಡೈನೋಸಾರ್, 1866ರಲ್ಲಿ ಇಕಾಲಜಿ. ಇವು ಯಾವ ಪ್ರಾಚೀನ ಗ್ರೀಕನೂ ಆಡದ ಪದಗಳು.

ನಿಖರತೆಯ ವಾದವನ್ನು ಪರೀಕ್ಷಿಸಲು 1834ರ ಒಂದು ಪತ್ರವ್ಯವಹಾರ ಸಾಕು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ದ್ರಾವಣಗಳ ಮೂಲಕ ವಿದ್ಯುತ್ ಹಾಯಿಸಿ ಅವು ಒಡೆಯುವುದನ್ನು ಅಳೆಯುತ್ತಿದ್ದ. ಬುಕ್ ಬೈಂಡರನ ಬಳಿ ಕೆಲಸ ಕಲಿತು ಮೇಲೆ ಬಂದವನು, ಗ್ರೀಕ್ ಕಲಿತವನಲ್ಲ. ದ್ರಾವಣದಲ್ಲಿ ಮುಳುಗಿಸಿದ ಲೋಹದ ತುದಿಗಳನ್ನು ಆಗ ಎಲ್ಲರೂ ಧ್ರುವಗಳು ಎನ್ನುತ್ತಿದ್ದರು. ಆ ಹೆಸರು ಫ್ಯಾರಡೆಗೆ ಒಗ್ಗಲಿಲ್ಲ. ಧ್ರುವ ಎಂದೊಡನೆ ಅಯಸ್ಕಾಂತ ನೆನಪಾಗುತ್ತದೆ, ತುದಿಯೇ ಕಣಗಳನ್ನು ಸೆಳೆಯುತ್ತದೆ ಎಂಬ ಸಿದ್ಧಾಂತ ಕೇಳದೆಯೇ ಒಳಬರುತ್ತದೆ. ಒಡೆಯುವ ಕ್ರಿಯೆ ದ್ರಾವಣದ ಒಳಗೆಲ್ಲ ನಡೆಯುತ್ತದೆ, ತುದಿ ಬರೀ ಬಾಗಿಲು ಎಂಬುದು ಅವನ ನಂಬಿಕೆ. ಅಷ್ಟಾದರೂ ತನ್ನ ನಂಬಿಕೆಯನ್ನು ಹೆಸರಿನೊಳಗೆ ತುರುಕುವುದು ಅವನಿಗೆ ಬೇಕಿರಲಿಲ್ಲ. ಯಾವ ಸಿದ್ಧಾಂತದ ಪರವಾಗಿಯೂ ಸಾಕ್ಷಿ ಹೇಳದ ಪದ ಅವನಿಗೆ ಬೇಕಿತ್ತು. ಮೊದಲು ವೈದ್ಯಮಿತ್ರನೊಬ್ಬನ ನೆರವಿನಿಂದ ಕೆಲವು ಪದಗಳನ್ನು ಕಟ್ಟಿದ, ತೃಪ್ತಿಯಾಗಲಿಲ್ಲ. ಕೊನೆಗೆ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನ ವಿಲಿಯಂ ಹ್ಯೂಯೆಲ್‌ನಿಗೆ ಬರೆದ. ಹ್ಯೂಯೆಲ್ ಆನೋಡ್, ಕ್ಯಾಥೋಡ್ ಎಂಬ ಜೋಡಿಯನ್ನು ಸೂಚಿಸಿದ: ಮೇಲೇರುವ ದಾರಿ, ಕೆಳಗಿಳಿಯುವ ದಾರಿ. ಭೂಮಿಯ ಸುತ್ತ ಸೂರ್ಯನ ಹಾದಿಯಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ವಿದ್ಯುತ್ ಹರಿಯುತ್ತಿದೆ ಎಂದು ಕಲ್ಪಿಸಿಕೊಂಡರೆ, ದ್ರಾವಣಕ್ಕೆ ವಿದ್ಯುತ್ ಹೊಗುವ ತುದಿ ಸೂರ್ಯ ಏರುವ ಕಡೆ, ಹೊರಡುವ ತುದಿ ಸೂರ್ಯ ಇಳಿಯುವ ಕಡೆ. ದ್ರಾವಣದಲ್ಲಿ ಚಲಿಸುವವುಗಳಿಗೆ, ಹೋಗುತ್ತಿರುವುದು ಎಂಬಷ್ಟೇ ಅರ್ಥದ ಅಯಾನ್ ಎಂಬ ಹೆಸರು ಬಂತು.

ಈ ಎಚ್ಚರಿಕೆಯ ಫಲ ಅರವತ್ತು ವರ್ಷಗಳ ನಂತರವೂ ಸಿಕ್ಕಿತು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ, ತಂತಿಯಲ್ಲಿ ನಿಜವಾಗಿ ಚಲಿಸುವ ಕಣಗಳು ರೂಢಿಯ ವಿದ್ಯುತ್ ದಿಕ್ಕಿಗೆ ಎದುರಾಗಿ ಹೋಗುತ್ತವೆ ಎಂಬುದು ತಿಳಿಯಿತು. ಆನೋಡ್ ಎಂಬ ಪದಕ್ಕೆ ಇದರಿಂದ ಏನೂ ಆಗಲಿಲ್ಲ. ನಮ್ಮ ಭಾಷೆಯ ಧನಾಗ್ರ, ಋಣಾಗ್ರ ಎಂಬ ಪದಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಓದಿದೊಡನೆ ಅರ್ಥವಾಗುತ್ತವೆ, ಅದೇ ಅವುಗಳ ತೊಂದರೆ. ಹೊರಗಿನಿಂದ ವಿದ್ಯುತ್ ಕೊಟ್ಟು ದ್ರಾವಣವನ್ನು ಒಡೆಯುವಾಗ ಆನೋಡ್ ಧನ ತುದಿಯೇ. ಟಾರ್ಚಿನ ಬ್ಯಾಟರಿ ತಾನೇ ವಿದ್ಯುತ್ ಕೊಡುತ್ತಿರುವಾಗ ಅದರ ಆನೋಡ್ ಋಣ ತುದಿ. ಎರಡರಲ್ಲೂ ವಿದ್ಯುತ್ ಒಳಹೊಗುವ ಜಾಗ ಅದೇ, ಎರಡರಲ್ಲೂ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಕ್ರಿಯೆ ನಡೆಯುವುದು ಅಲ್ಲೇ, ಆದ್ದರಿಂದ ಆನೋಡ್ ಎಂಬ ಹೆಸರು ಎರಡಕ್ಕೂ ಸರಿ. ಧನಾಗ್ರ ಎಂದು ಕಲಿತ ವಿದ್ಯಾರ್ಥಿ ಮಾತ್ರ 'ಋಣವಾಗಿರುವ ಧನಾಗ್ರ' ಎಂಬ ಒಗಟಿಗೆ ಸಿಕ್ಕಿಕೊಳ್ಳುತ್ತಾನೆ.

ಗ್ರೀಕ್ ಪದಗಳು ತಪ್ಪಾಗುವುದಿಲ್ಲ ಎಂದು ಇದರಿಂದ ತೀರ್ಮಾನಿಸಬಾರದು. ಅವು ತಪ್ಪಿವೆ, ಮತ್ತು ತಪ್ಪಿಯೂ ಉಳಿದಿವೆ ಎಂಬುದೇ ನನ್ನ ವಾದಕ್ಕೆ ದೊಡ್ಡ ಆಧಾರ. ಫ್ರೆಂಚ್ ರಸಾಯನಶಾಸ್ತ್ರಜ್ಞ ಲಾವಾಸಿಯೇ ತಾನು ಅಧ್ಯಯನ ಮಾಡುತ್ತಿದ್ದ ಅನಿಲಕ್ಕೆ ಹುಳಿ ಎಂಬರ್ಥದ 'ಆಕ್ಸಿಸ್' ಹಾಗೂ ಹುಟ್ಟಿಸುವ ಎಂಬರ್ಥದ ಧಾತುವನ್ನು ಸೇರಿಸಿ ಆಕ್ಸಿಜನ್ ಎಂದು ಹೆಸರಿಟ್ಟ. ಎಲ್ಲ ಆಮ್ಲಗಳಲ್ಲೂ ಇದು ಇದ್ದೇ ಇರುತ್ತದೆ ಎಂಬುದು ಅವನ ಸಿದ್ಧಾಂತ. 1787ರಲ್ಲಿ ಪ್ಯಾರಿಸ್ಸಿನಲ್ಲಿ ಅವನೂ ಗೈಟನ್ ದ ಮೊರ್ವೊ, ಬರ್ತೊಲೆ, ಫೂರ್‌ಕ್ರುವಾ ಎಂಬ ಮೂವರೂ ಕೂಡಿ ಹೊರತಂದ ರಸಾಯನಶಾಸ್ತ್ರದ ನಾಮಕರಣ ಪದ್ಧತಿಯಲ್ಲಿ ಆ ಹೆಸರು ನೆಲೆಯಾಯಿತು. ಕಾಲು ಶತಮಾನವೂ ಕಳೆಯುವ ಮೊದಲೇ ಹಂಫ್ರಿ ಡೇವಿ ಈಗ ನಾವು ಹೈಡ್ರೋಕ್ಲೋರಿಕ್ ಆಮ್ಲ ಎನ್ನುವುದರಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು ತೋರಿಸಿದ. 1810ರಲ್ಲಿ ಅದರಲ್ಲಿರುವ ಧಾತುವಿಗೆ, ಹಸುರು ಛಾಯೆಯ ಹಳದಿಯನ್ನು ಹೇಳುವ ಗ್ರೀಕ್ ಪದದಿಂದಲೇ, ಕ್ಲೋರಿನ್ ಎಂದು ಹೆಸರಿಟ್ಟ. ಸಿದ್ಧಾಂತ ಬಿದ್ದುಹೋಯಿತು, ಹೆಸರು ಅಲುಗಲಿಲ್ಲ. ಕತ್ತರಿಸಲಾಗದ್ದು ಎಂಬರ್ಥದ ಆ್ಯಟಮ್ಮಿಗೂ ಹೀಗೇ ಆಯಿತು. ಆಕ್ಸಿಜನ್ ಎನ್ನುವ ಇಂಗ್ಲಿಷ್ ಹುಡುಗನ ಕಿವಿಗೆ ಹುಳಿ ತಾಗುವುದೇ ಇಲ್ಲವಾದ್ದರಿಂದ ಲಾವಾಸಿಯೇಯ ತಪ್ಪು ಅವನನ್ನು ಮುಟ್ಟುವುದಿಲ್ಲ. ಅದೇ ಹೆಸರನ್ನು ನಾವು ಪದಕ್ಕೆ ಪದವಿಟ್ಟು ಆಮ್ಲಜನಕ ಎಂದು ಮಾಡಿಕೊಂಡೆವು. ಕನ್ನಡದಲ್ಲಿ ಆ ತಪ್ಪು ಬಾಯಿಬಿಟ್ಟು ಮಾತಾಡುತ್ತದೆ. ಜಲಜನಕ ಉರಿದರೆ ನೀರಾಗುತ್ತದೆ ಎಂಬ ಸತ್ಯವನ್ನು ನಮ್ಮ ಮಕ್ಕಳಿಗೆ ಹೆಸರೇ ಕಲಿಸುತ್ತದೆ, ಇದು ಸಣ್ಣ ಲಾಭವಲ್ಲ. ಆದರೆ ಆಮ್ಲವನ್ನು ಹುಟ್ಟಿಸುವುದು ಆಮ್ಲಜನಕ ಎಂಬ ಸುಳ್ಳನ್ನೂ ಅಷ್ಟೇ ನಂಬಿಕೆಯಿಂದ ಕಲಿಸುತ್ತದೆ.

ಮನೆಮಾತಲ್ಲದ ಭಾಷೆ ಬೇಕಿದ್ದರೆ ಲ್ಯಾಟಿನ್ ಇತ್ತಲ್ಲ ಎಂದು ಕೇಳಬಹುದು. ಲ್ಯಾಟಿನ್ನನ್ನೂ ಧಾರಾಳವಾಗಿ ಬಳಸಿದರು. ಆದರೆ ಅದು ಪೂರ್ತಿ ಮೌನವಾದ ಭಾಷೆಯಾಗಿರಲಿಲ್ಲ. ಹದಿನೆಂಟನೆಯ ಶತಮಾನದವರೆಗೂ ವಿಶ್ವವಿದ್ಯಾಲಯಗಳು ಅದರಲ್ಲಿ ಪಾಠ ಮಾಡುತ್ತಿದ್ದವು, ಚರ್ಚು ಅದರಲ್ಲಿ ಪ್ರಾರ್ಥಿಸುತ್ತಿತ್ತು. ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್ ಅದರ ಮಕ್ಕಳು. ಲ್ಯಾಟಿನ್ ಪದ ಅವರಿಗೆ ಅಜ್ಜಿಯ ಮಾತಿನ ಹಾಗೆ ಅರ್ಧ ಅರ್ಥವಾಗುತ್ತಿತ್ತು. ಗ್ರೀಕಿಗೆ ಪಶ್ಚಿಮ ಯುರೋಪಿನಲ್ಲಿ ಅಂಥ ಸಂತಾನವಿಲ್ಲ. ಜೊತೆಗೆ ನಡುವೆ ಒಂದು 'ಓ'ಕಾರ ಇಟ್ಟು ಎರಡು ಮೂರು ಬೇರುಗಳನ್ನು ಬೆಸೆಯುವ ಸಮಾಸದ ಶಕ್ತಿ ಗ್ರೀಕಿಗೆ ಹೆಚ್ಚು. ಈ ವ್ಯಾಕರಣದ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಸೆದ ತುಂಡುಗಳೂ ಹಳೆಯ ಅರ್ಥದಲ್ಲಿ ಉಳಿಯಲಿಲ್ಲ. ವೈದ್ಯರು ದಿನವೂ ಹೇಳುವ 'ಐಟಿಸ್' ಎಂಬ ಪ್ರತ್ಯಯವನ್ನೇ ನೋಡಿ. ಆರ್ಥ್ರೈಟಿಸ್ ಹಿಪಾಕ್ರಟೀಸನ ಪರಂಪರೆಯ ಹಳೆಯ ಪದ. ಅದರಲ್ಲಿ 'ಐಟಿಸ್' ಎಂದರೆ ಬರೀ 'ಅದಕ್ಕೆ ಸಂಬಂಧಪಟ್ಟ'. ಗ್ರೀಕಿನಲ್ಲಿ ರೋಗ ಎಂಬ ಪದ ಸ್ತ್ರೀಲಿಂಗವಾದ್ದರಿಂದ ವಿಶೇಷಣವೂ ಸ್ತ್ರೀಲಿಂಗದಲ್ಲಿದೆ, ಅಷ್ಟೇ: ಕೀಲಿನ ರೋಗ. ಉರಿಯೂತ ಎಂಬ ಖಚಿತ ಅರ್ಥವನ್ನು ಅದಕ್ಕೆ ತುಂಬಿದವರು ಆಧುನಿಕ ಯುರೋಪಿನ ವೈದ್ಯರು. ಹಾಗೆ ತುಂಬಿದ ಮೇಲೆ 1886ರಲ್ಲಿ ಅಮೆರಿಕದ ರೆಜಿನಾಲ್ಡ್ ಫಿಟ್ಜ್ ಲ್ಯಾಟಿನ್ ಬೇರಿಗೆ ಅದನ್ನು ಅಂಟಿಸಿ ಅಪೆಂಡಿಸೈಟಿಸ್ ಎಂದಾಗ ಯಾರಿಗೂ ಗೊಂದಲವಾಗಲಿಲ್ಲ. ನಿಖರತೆ ಗ್ರೀಕಿನಲ್ಲಿ ಮೊದಲೇ ಇರಲಿಲ್ಲ, ಪ್ರಶ್ನಿಸುವ ಮನೆಯವರಿಲ್ಲದ ಪದಕ್ಕೆ ಅದನ್ನು ಹೊರಗಿನಿಂದ ಕೊಡಲಾಯಿತು.

ಇದು ಯುರೋಪಿಗೆ ಮಾತ್ರ ಸೇರಿದ ಸಂಗತಿಯೂ ಅಲ್ಲ. ಗ್ರೀಕರು ಮೊನೆಗೆ, ದನ ಓಡಿಸುವ ಮುಳ್ಳುಕೋಲಿಗೆ, ಕೈವಾರದ ಊರಿದ ಕಾಲಿಗೆ 'ಕೆಂಟ್ರಾನ್' ಎನ್ನುತ್ತಿದ್ದರು. ನಮ್ಮ ಜ್ಯೋತಿಷ ಶಾಸ್ತ್ರಕಾರರು ಯವನರಿಂದ ಅದನ್ನು ಕೇಂದ್ರ ಎಂದು ಪಡೆದರು, 'ಹೋರಾ'ವನ್ನು ಪಡೆದ ಹಾಗೆಯೇ. ಸಂಸ್ಕೃತದಲ್ಲಿ ಅದಕ್ಕೆ ಮುಳ್ಳುಕೋಲಿನ ನೆನಪಿರಲಿಲ್ಲವಾದ್ದರಿಂದ ಜಾತಕದ ನಾಲ್ಕು ಮುಖ್ಯ ಮನೆಗಳಿಗೆ ಒಂದರ್ಥದಲ್ಲಿ, ಗ್ರಹಗತಿಯ ಲೆಕ್ಕದಲ್ಲಿ ಇನ್ನೊಂದು ಅರ್ಥದಲ್ಲಿ ಅದು ನಿಶ್ಚಿಂತೆಯಿಂದ ದುಡಿಯಿತು. ಈಗ ಅಂಚೆ, ಆರೋಗ್ಯ, ಸರ್ಕಾರ ಎಲ್ಲಕ್ಕೂ ಅಂಟಿಕೊಂಡು ನಮ್ಮ ಮನೆಯದೇ ಆಗಿದೆ.

ನನ್ನ ವಾದಕ್ಕೆ ಬಲವಾದ ಆಕ್ಷೇಪಣೆ ಜರ್ಮನ್ನಿಂದ ಬರುತ್ತದೆ. ಅವರು ಆಕ್ಸಿಜನ್ನನ್ನು ಹುಳಿವಸ್ತು ಎಂಬರ್ಥದ ಸೌವರ್‌ಶ್ಟೋಫ್ ಎಂದರು, ರಷ್ಯನ್ನರು ಕಿಸ್ಲರೋದ್ ಎಂದರು. ಐಸ್‌ಲ್ಯಾಂಡಿನವರು ವಿದ್ಯುತ್ತಿಗೆ ಅಂಬರು-ಶಕ್ತಿ ಎನ್ನುತ್ತಾರೆ, ದಾರ ಎಂಬರ್ಥದ ಮರೆತುಹೋದ ಪದವನ್ನು ಎಬ್ಬಿಸಿ ಫೋನಿಗೆ ಇಟ್ಟಿದ್ದಾರೆ. ಜರ್ಮನ್ ರಸಾಯನಶಾಸ್ತ್ರ ಒಂದು ಕಾಲಕ್ಕೆ ಜಗತ್ತಿನಲ್ಲೇ ಮುಂದಿತ್ತು. ಮನೆಮಾತಿನ ಪದಗಳಿಂದ ವಿಜ್ಞಾನಕ್ಕೆ ಅಡ್ಡಿಯಾಗಿದ್ದರೆ ಇದು ಹೇಗೆ ಸಾಧ್ಯ? ಆಧುನಿಕ ಗ್ರೀಕರನ್ನು ನೆನೆದರೆ ಆಕ್ಷೇಪಣೆ ಇನ್ನೂ ಹರಿತವಾಗುತ್ತದೆ. ಅವರಿಗೆ ಈ ಪದಗಳು ಮೌನವಾಗಿಲ್ಲ. 'ಆಟೊಮೊ' ಎಂದರೆ ಅವರಲ್ಲಿ ಪರಮಾಣುವೂ ಹೌದು, ಒಬ್ಬ ವ್ಯಕ್ತಿಯೂ ಹೌದು. ಆದರೂ ಅಥೆನ್ಸಿನ ಭೌತವಿಜ್ಞಾನಿಗೆ ಪರಮಾಣುವನ್ನೂ ಪಕ್ಕದ ಮನೆಯವನನ್ನೂ ಬೇರೆಮಾಡಲು ಕಷ್ಟವಿಲ್ಲ. ಇದನ್ನು ಒಪ್ಪಲೇಬೇಕು, ಒಪ್ಪಿದಾಗ ನನ್ನ ವಾದದ ಗಡಿಯೂ ಸ್ಪಷ್ಟವಾಗುತ್ತದೆ. ಒಂದು ಭಾಷೆಯೊಳಗೆ ಯೋಚಿಸಲು ಮೌನವಾದ ಪದಗಳು ಬೇಕಿಲ್ಲ, ಸಂದರ್ಭವೇ ಅರ್ಥವನ್ನು ಆರಿಸಿಕೊಡುತ್ತದೆ. ಹಲವು ಭಾಷೆಗಳವರು ಒಂದು ಹೆಸರಿಗೆ ಒಪ್ಪಬೇಕಾದಾಗ ಅವು ಬೇಕು. ಜರ್ಮನ್ನರ ನಡವಳಿಕೆಯೇ ಇದಕ್ಕೆ ಸಾಕ್ಷಿ. 1865ರಲ್ಲಿ ಜ್ಯೂರಿಕ್‌ನಲ್ಲಿ ರೂಡಾಲ್ಫ್ ಕ್ಲೌಸಿಯಸ್ ಉಷ್ಣಶಾಸ್ತ್ರದ ಹೊಸ ಪರಿಮಾಣವೊಂದಕ್ಕೆ ಹೆಸರಿಡುವಾಗ ಜರ್ಮನ್ ಪದವನ್ನು ಸುಲಭವಾಗಿ ಕಟ್ಟಬಹುದಿತ್ತು. ಅವನು ಆರಿಸಿದ್ದು ಎಂಟ್ರಪಿ. ಕಾರಣವನ್ನೂ ಬರೆದಿಟ್ಟ: ಮುಖ್ಯ ಪರಿಮಾಣಗಳ ಹೆಸರನ್ನು ಪ್ರಾಚೀನ ಭಾಷೆಗಳಿಂದ ತೆಗೆದುಕೊಂಡರೆ ಅವು ಬದುಕಿರುವ ಎಲ್ಲ ಭಾಷೆಗಳಲ್ಲೂ ಬದಲಾಗದೆ ಉಳಿಯುತ್ತವೆ. ಜರ್ಮನ್ ಅಂಚೆ ಇಲಾಖೆ ದೂರ-ಮಾತುಗ ಎಂಬರ್ಥದ ಫೆರ್ನ್‌ಶ್ಪ್ರೆಷರ್ ಅನ್ನು ಬಳಕೆಗೆ ತಂದರೂ ಕೊನೆಗೆ ಜನರ ಬಾಯಲ್ಲಿ ಉಳಿದದ್ದು ಟೆಲಿಫೋನ್. ಟೆಲಿವಿಷನ್ನಿನ ವಿಷಯದಲ್ಲಿ ಮಾತ್ರ ಅವರ ಸ್ವಂತ ಪದ ಗೆದ್ದಿದೆ, ಅದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಗ್ರೀಕ್ ಎಂದಾಕ್ಷಣ ಒಮ್ಮತ ಖಚಿತವೂ ಅಲ್ಲ. ಇಂಗ್ಲಿಷರ ನೈಟ್ರೋಜನ್ನಿಗೆ ಫ್ರೆಂಚರು ಇಂದಿಗೂ, ಜೀವವಿಲ್ಲದ್ದು ಎಂಬರ್ಥದ, ಗ್ರೀಕ್ ಬೇರಿನದೇ ಆದ ಅಜೋತ್ ಎನ್ನುತ್ತಾರೆ.

ಇನ್ನೊಂದು ಆಕ್ಷೇಪಣೆ ನ್ಯಾಯಕ್ಕೆ ಸಂಬಂಧಿಸಿದ್ದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಗ್ರೀಕ್ ಕಲಿಯುವುದು ಬಹುಮಟ್ಟಿಗೆ ಉಳ್ಳವರ ಮನೆಯ ಗಂಡುಮಕ್ಕಳ ಸೌಲಭ್ಯ. ಹೆಸರಿಡುವ ಅಧಿಕಾರವೂ ಅವರ ಕೈಯಲ್ಲೇ ಇತ್ತು. ಹೊಸ ಪದಗಳಿಗೆ ಲಂಡನ್ನಿನ ಗೆಳೆಯರು ಬಿಸಿಬಿಸಿಯಾಗಿ ವಿರೋಧ ಸೂಚಿಸಿದಾಗ ಹ್ಯೂಯೆಲ್‌ನ ಹೆಸರನ್ನು ಗುರಾಣಿಯಂತೆ ಹಿಡಿದೆ, ವಿರೋಧದ ದನಿ ಕರಗಿತು ಎಂದು ಫ್ಯಾರಡೆಯೇ ಅವನಿಗೆ ಬರೆದ. ಯುಗದ ಮಹಾನ್ ಪ್ರಯೋಗಕಾರನಿಗೂ ಗ್ರೀಕ್ ಬಲ್ಲವನ ಮುದ್ರೆ ಬೇಕಾಯಿತು ಎಂಬುದು ನನಗೆ ನೋವಿನ ಸಂಗತಿಯಾಗಿಯೇ ಕಾಣುತ್ತದೆ. ಆದರೆ ಪದ ಚಲಾವಣೆಗೆ ಬಂದ ಮೇಲೆ ಆ ಅಧಿಕಾರ ಕಳೆದುಹೋಗುತ್ತದೆ. ಆನೋಡಿನ ಬಳಿ ಏನು ನಡೆಯುತ್ತದೆಂದು ತಿಳಿಯಲು ದಾರಿಗೆ ಗ್ರೀಕಿನಲ್ಲಿ ಏನೆನ್ನುತ್ತಾರೆ ಎಂಬುದು ಗೊತ್ತಿರಬೇಕಿಲ್ಲ. ಫ್ಯಾರಡೆಗೇ ಗ್ರೀಕ್ ಬರುತ್ತಿರಲಿಲ್ಲ. ಉಳಿಯುವ ಕಷ್ಟ ಶಾಲೆಯದು. ಅರ್ಥವಾಗದ ಉದ್ದುದ್ದ ಪದಗಳನ್ನು ಬಾಯಿಪಾಠ ಮಾಡುವ ಮಗುವಿಗೆ ಬೇರುಗಳನ್ನು ಬಿಡಿಸಿ ತೋರಿಸುವ ಮೇಷ್ಟ್ರು ಸಿಕ್ಕರೆ ಅರ್ಧ ಭಾರ ಇಳಿಯುತ್ತದೆ. ನಮ್ಮ ಪಠ್ಯಪುಸ್ತಕಗಳು ಈ ಕೆಲಸಕ್ಕೆ ಒಂದು ಪುಟವನ್ನಾದರೂ ಮೀಸಲಿಡಬೇಕು.

ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಗ್ರೀಕ್ ಟಂಕಸಾಲೆ ನಿಧಾನವಾಯಿತು. ಗ್ರೀಕ್ ಕಲಿಕೆ ಶಾಲೆಗಳಿಂದ ಸರಿಯಿತು, ಸಮಬಲದ ಹಲವು ಭಾಷೆಗಳ ಜಾಗದಲ್ಲಿ ಇಂಗ್ಲಿಷ್ ಒಂದೇ ಕೂತಿತು. ರಾಜಿಯ ಭಾಷೆಯ ಅಗತ್ಯವೇ ಕಡಿಮೆಯಾದ ಮೇಲೆ ಬ್ಲ್ಯಾಕ್ ಹೋಲ್, ಬಿಗ್ ಬ್ಯಾಂಗ್‌ಗಳಂಥ ಬೀದಿಯ ಇಂಗ್ಲಿಷ್ ಬಂತು, ಕ್ವಾರ್ಕುಗಳಿಗೆ ಬಣ್ಣ ಎಂಬ ಗುಣ ಬಂತು. ಆ ಬಣ್ಣಕ್ಕೂ ಕಣ್ಣಿಗೆ ಕಾಣುವ ಬಣ್ಣಕ್ಕೂ ಸಂಬಂಧವಿಲ್ಲ ಎಂದು ಪ್ರತಿ ಪುಸ್ತಕವೂ ಮೊದಲು ಎಚ್ಚರಿಸಬೇಕಾಗಿದೆ. ಬಿಗ್ ಬ್ಯಾಂಗ್ ಒಂದು ಸಿಡಿತವಲ್ಲ ಎಂದೂ ಹೇಳಬೇಕಾಗಿದೆ. ಮನೆಮಾತಿನಿಂದ ಹೆಸರಿಟ್ಟರೆ ತೆರಬೇಕಾದ ಸುಂಕ ಇದು, ಇಂಗ್ಲಿಷರೂ ಈಗ ತೆರುತ್ತಿದ್ದಾರೆ.

ಎಲ್ಲ ಭಾಷೆಗಳವರೂ ಒಟ್ಟಿಗೆ ಒಪ್ಪಬೇಕಾದ ಇಕ್ಕಟ್ಟು ಮತ್ತೆ ಬಂದಾಗ ಏನಾಯಿತು ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಕೊರೊನಾ ವೈರಸ್ಸಿನ ಹೊಸ ರೂಪಗಳನ್ನು ಪತ್ರಿಕೆಗಳು ಮೊದಮೊದಲು ದೇಶದ ಹೆಸರಿನಿಂದ ಕರೆದವು: ಬ್ರಿಟನ್ನಿನದು, ದಕ್ಷಿಣ ಆಫ್ರಿಕಾದ್ದು, ಭಾರತದ್ದು. ಒಂದು ದೇಶದ ಜನರ ಮೇಲೆಯೇ ರೋಗದ ಕಳಂಕ ಹೊರಿಸುವ ಆ ರೂಢಿಯನ್ನು ತಪ್ಪಿಸಲು ವಿಶ್ವ ಆರೋಗ್ಯ ಸಂಸ್ಥೆ 2021ರ ಮೇ 31ರಂದು ಗ್ರೀಕ್ ಅಕ್ಷರಗಳಿಗೆ ಮೊರೆಹೋಯಿತು. ಭಾರತದಲ್ಲಿ ಮೊದಲು ಗುರುತಾದದ್ದಕ್ಕೆ ಡೆಲ್ಟಾ ಎಂಬ ಹೆಸರಾಯಿತು. ಇಲ್ಲಿ ಬೇರಿನ ಅರ್ಥವೂ ಇಲ್ಲ, ಸಮಾಸವೂ ಇಲ್ಲ, ಬರೀ ಅಕ್ಷರ. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಮತ್ತೊಂದು ರೂಪಕ್ಕೆ ಹೆಸರಿಡುವ ಹೊತ್ತಿಗೆ ಮ್ಯೂವರೆಗಿನ ಅಕ್ಷರಗಳು ಮುಗಿದಿದ್ದವು, ಮುಂದಿನ ಸರದಿ ನ್ಯೂ, ಆಮೇಲೆ ಕ್ಸೈ. ಸಂಸ್ಥೆ ಎರಡನ್ನೂ ದಾಟಿಬಿಟ್ಟಿತು. ನ್ಯೂ ಎಂದರೆ ಇಂಗ್ಲಿಷಿನಲ್ಲಿ ಹೊಸದು ಎಂದು ಕೇಳಿಸುತ್ತದೆ. ಕ್ಸೈಯನ್ನು ರೋಮನ್ ಲಿಪಿಯಲ್ಲಿ ಬರೆದರೆ ಎಷ್ಟೋ ಜನರ ಮನೆತನದ ಹೆಸರಾದ ಷಿ ಆಗುತ್ತದೆ. ಯಾರದೋ ಮಾತಿನಲ್ಲಿ ಆಗಲೇ ಅರ್ಥವಿದ್ದ ಆ ಎರಡು ಅಕ್ಷರಗಳನ್ನು ಬಿಟ್ಟು ನವೆಂಬರ್ 26ರಂದು ಓಮಿಕ್ರಾನ್ ಎಂಬ ಹೆಸರನ್ನು ಪ್ರಕಟಿಸಿದರು.